ಮೇಲೆ ಯೋಗನಂದಿ, ಬುಡದಲ್ಲಿ ಭೋಗನಂದಿ: ದ್ರಾಕ್ಷಿ ಸೀಮೆಯಲ್ಲಿ ಒಂದು ದಿನ

ಬೆಳಗಿನ ಜಾವ ಬೆಂಗಳೂರು ಬಿಟ್ಟು, ನಂದಿಬೆಟ್ಟದ ಗೇಟಿನ ಮುಂದೆ ಸಾಲಿನಲ್ಲಿ ಕಾದು, ಮಂಜು ನೋಡಿ, ಫೋಟೊ ತೆಗೆದು, ಒಂಬತ್ತಕ್ಕೆ ಇಳಿದು, ಹೆದ್ದಾರಿ ಬದಿಯಲ್ಲಿ ಇಡ್ಲಿ ತಿಂದು, ಹನ್ನೊಂದರೊಳಗೆ ಮನೆ ಸೇರುವುದು. ಶನಿವಾರ, ಭಾನುವಾರ ನಂದಿಗೆ ಹೋಗುವ ಬಹುಪಾಲು ಜನರ ಪ್ರವಾಸ ಇಷ್ಟೇ. ಅವರು ವಾಪಸು ಹೊರಡುವ ಹೊತ್ತಿಗೆ ಸುತ್ತಲಿನ ಊರುಗಳಲ್ಲಿ ಆಗಲೇ ರೇಷ್ಮೆ ಗೂಡಿನ ಹರಾಜು ನಡೆದಿರುತ್ತದೆ, ತೋಟಗಳಲ್ಲಿ ದ್ರಾಕ್ಷಿ ಕ್ರೇಟು ತುಂಬಿರುತ್ತದೆ, ಮಗ್ಗಗಳು ಸದ್ದು ಮಾಡುತ್ತಿರುತ್ತವೆ. 1,478 ಮೀಟರ್ ಎತ್ತರದ ಬೆಟ್ಟದ ನೆತ್ತಿಯಲ್ಲಿ ಯೋಗನಂದೀಶ್ವರ, ಬುಡದ ನಂದಿ ಗ್ರಾಮದಲ್ಲಿ ಭೋಗನಂದೀಶ್ವರ. ಎಲ್ಲವನ್ನೂ ಬಿಟ್ಟ ಶಿವ ಮೇಲೆ, ಎಲ್ಲವನ್ನೂ ಅನುಭವಿಸುವ ಶಿವ ಕೆಳಗೆ. ಈ ಸೀಮೆಯನ್ನು ನೋಡಬೇಕಾದವರು ಕೆಳಗಿನವನ ಕಡೆ ಒಂದು ಪೂರ್ತಿ ದಿನ ಇಡಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಮೊದಲು ಕಾಲದ ಮಾತು. ದ್ರಾಕ್ಷಿಗಾಗಿ ಹೋಗುವುದಾದರೆ ಫೆಬ್ರವರಿಯಿಂದ ಏಪ್ರಿಲ್ ಮೊದಲ ವಾರದವರೆಗೆ ಹೋಗಿ. ಮಳೆಗಾಲದಲ್ಲಿ ಬೆಟ್ಟ ಹಸಿರಾಗಿ ಚೆಂದ ಕಾಣುತ್ತದೆ, ಆದರೆ ವೈನ್ ದ್ರಾಕ್ಷಿಯ ಸಾಲುಗಳಲ್ಲಿ ಆಗ ಎಲೆ ಬಿಟ್ಟರೆ ಏನೂ ಇರುವುದಿಲ್ಲ. ಫ್ರಾನ್ಸ್, ಇಟಲಿಯ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ, ಅಲ್ಲಿ ವರ್ಷಕ್ಕೊಮ್ಮೆ ಸವರಿದರೆ ಸಾಕು. ನಮ್ಮಲ್ಲಿ ಆ ಮಟ್ಟದ ಚಳಿಯಿಲ್ಲ, ಬಳ್ಳಿ ಮಲಗುವುದೇ ಇಲ್ಲ. ಅದಕ್ಕೆ ಏಪ್ರಿಲ್ ಸುಮಾರಿಗೆ ಒಮ್ಮೆ ಬುಡದ ಕಡೆಗೆ ಗಟ್ಟಿಯಾಗಿ ಸವರುತ್ತಾರೆ. ಇದು ‘ಬ್ಯಾಕ್ ಪ್ರೂನಿಂಗ್’, ಹಣ್ಣು ಬಿಡಬೇಕಾದ ಕಡ್ಡಿಗಳನ್ನು ಬೆಳೆಸಲು. ಮಳೆ ಹಿಂದೆ ಸರಿಯುವ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಆ ಕಡ್ಡಿಗಳ ತುದಿ ಸವರುತ್ತಾರೆ. ಇದು ‘ಫಾರ್ವರ್ಡ್ ಪ್ರೂನಿಂಗ್’, ಗೊಂಚಲು ಹೊರಡಿಸಲು. ಹೀಗೆ ಲೆಕ್ಕ ಹಾಕಿ ಸವರುವುದರಿಂದ ಹಣ್ಣು ಮಾಗುವ ಕಾಲ ಒಣ ಹವೆಯ ತಿಂಗಳುಗಳಿಗೆ ಬಂದು ಬೀಳುತ್ತದೆ. ಆಗ ಹಗಲು ಬಿಸಿಲು, ರಾತ್ರಿ ತಂಪು. ದೊಡ್ಡಬಳ್ಳಾಪುರದ ಆಸುಪಾಸಿನ ನೆಲ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ರಾತ್ರಿಯ ತಂಪು ಚೆನ್ನಾಗಿ ಸಿಗುತ್ತದೆ, ಹಣ್ಣಿನ ಹುಳಿ ಪೂರ್ತಿ ಕರಗಿಹೋಗುವುದಿಲ್ಲ. ಹುಳಿ ಉಳಿಯದ ದ್ರಾಕ್ಷಿಯಿಂದ ಮಾಡಿದ ವೈನ್ ಸಪ್ಪೆ. ಮಾರ್ಚ್ ಕೊನೆಗೆ ಅಕಾಲದ ಮಳೆಯೋ ಆಲಿಕಲ್ಲೋ ಬಿದ್ದರೆ ಹಣ್ಣಿನ ಸಿಪ್ಪೆ ಒಡೆದು, ಬೂಜು ಹತ್ತಿ, ವರ್ಷದ ದುಡಿಮೆ ಎರಡು ದಿನದಲ್ಲಿ ಕೈಬಿಡುತ್ತದೆ. ಆ ವಾರಗಳಲ್ಲಿ ರೈತರು ನಿಮ್ಮೊಂದಿಗೆ ಮಾತಿಗೆ ಸಿಗದಿದ್ದರೆ ಕಾರಣ ಇದೇ.

ರಸ್ತೆಯಿಂದ ನೋಡಿದರೆ ಇಲ್ಲಿನ ದ್ರಾಕ್ಷಿ ತೋಟಗಳು ಎರಡು ಬಗೆ. ಕಲ್ಲು ಕಂಬಗಳ ಮೇಲೆ ತಂತಿ ಎಳೆದು, ತಲೆಯ ಮೇಲೆ ಹಬ್ಬಿಸಿದ ಚಪ್ಪರ ಕಂಡರೆ ಅದು ಬಹುತೇಕ ತಿನ್ನುವ ದ್ರಾಕ್ಷಿ: ಬೆಂಗಳೂರು ಬ್ಲೂ, ದಿಲ್‌ಖುಷ್, ಶರದ್. ಬೇಲಿಯ ಹಾಗೆ ನೆಟ್ಟಗೆ, ಎದೆಯೆತ್ತರಕ್ಕೆ ಸಾಲುಸಾಲಾಗಿ ನಿಂತಿದ್ದರೆ ಅದು ವೈನ್ ದ್ರಾಕ್ಷಿ. ಚಪ್ಪರದಲ್ಲಿ ಇಳುವರಿ ಹೆಚ್ಚು, ಎಲೆಯ ನೆರಳಿನಲ್ಲಿ ಕಾಯಿ ಸುಡುವುದಿಲ್ಲ, ದಪ್ಪನಾಗುತ್ತದೆ. ವೈನಿಗೆ ಬೇಕಾದದ್ದು ಸಣ್ಣ ಕಾಯಿ, ದಪ್ಪ ಸಿಪ್ಪೆ, ಕಡಿಮೆ ಗೊಂಚಲು, ಗೊಂಚಲಿನ ಸುತ್ತ ಗಾಳಿ. ಬಣ್ಣ, ವಾಸನೆ, ಒಗರು ಬಹುಪಾಲು ಸಿಪ್ಪೆಯಲ್ಲೇ ಇರುವುದರಿಂದ ಕಾಯಿ ಸಣ್ಣದಾದಷ್ಟೂ ರಸಕ್ಕೆ ಸಿಪ್ಪೆಯ ಪಾಲು ಹೆಚ್ಚು.

ಎಲೆಗಳ ಮೇಲೆ ನೀಲಿ ಕಲೆ ಕಂಡರೆ ಗಾಬರಿಯಾಗಬೇಡಿ, ಅದು ಬೋರ್ಡೊ ದ್ರಾವಣ. ಒಂದು ಪರ್ಸೆಂಟಿನ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಫ್ರಾನ್ಸಿನ ಬೋರ್ಡೊ ದ್ರಾಕ್ಷಿ ತೋಟಗಳಲ್ಲಿ ಹುಟ್ಟಿದ ಈ ಔಷಧಿ ನಮ್ಮ ಅಡಿಕೆ ತೋಟದವರಿಗೂ ಹಳೆಯ ಪರಿಚಯ. ಆದರೆ ಕೇಳದೆ ತೋಟದೊಳಗೆ ಕಾಲಿಡಬೇಡಿ, ಕಾಯಿ ಕಿತ್ತು ಬಾಯಿಗೆ ಹಾಕಬೇಡಿ. ಸಿಂಪಡಣೆ ಆಗಿ ಎಷ್ಟು ದಿನವಾಯಿತು ಎಂಬುದು ತೋಟದವರಿಗೆ ಮಾತ್ರ ಗೊತ್ತು. ಎಷ್ಟೋ ಕಡೆ ಫಸಲು ಬಳ್ಳಿಯಲ್ಲಿದ್ದಾಗಲೇ ವ್ಯಾಪಾರಿಗೆ ಮಾರಾಟವಾಗಿರುತ್ತದೆ. ಹಾಗಿರುವಾಗ ಒಂದು ಗೊಂಚಲು ಕೊಡುವ ಹಕ್ಕೂ ಆ ರೈತನಿಗೆ ಇರುವುದಿಲ್ಲ, ಇಲ್ಲ ಎನ್ನಲು ಸಂಕೋಚವೂ ಆಗುತ್ತದೆ. ಕೊಳ್ಳುವ ಆಸೆಯಿದ್ದರೆ ‘ಮಾರಾಟಕ್ಕಿದೆಯಾ’ ಎಂದು ಮೊದಲು ಕೇಳಿ.

ಇನ್ನು ದಿನದ ಓಟ. ಬೆಟ್ಟ ಹತ್ತಲೇಬೇಕು ಎನ್ನುವವರು ಬೇರೊಂದು ವಾರದ ದಿನ ಇಟ್ಟುಕೊಳ್ಳಿ. ಈ ದಿನವನ್ನು ಶಿಡ್ಲಘಟ್ಟದಿಂದ ಶುರು ಮಾಡಿ, ಚಿಕ್ಕಬಳ್ಳಾಪುರ, ನಂದಿ ಗ್ರಾಮದ ಮೇಲೆ ಪಶ್ಚಿಮಕ್ಕೆ ಬಂದು, ಮಧ್ಯಾಹ್ನದ ಮೇಲೆ ದೊಡ್ಡಬಳ್ಳಾಪುರ ರಸ್ತೆಯ ವೈನರಿಯಲ್ಲಿ ಮುಗಿಸುವುದು ಒಳ್ಳೆಯ ಕ್ರಮ. ವೈನರಿಯನ್ನು ಮೊದಲು ಇಟ್ಟುಕೊಂಡವರು ಉಳಿದದ್ದೇನನ್ನೂ ಸರಿಯಾಗಿ ನೋಡುವುದಿಲ್ಲ. ದೇವಸ್ಥಾನಕ್ಕೆ ಕುಡಿದು ಹೋಗುವುದು ಸರಿಯೂ ಅಲ್ಲ.

ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಗೆ ಬೆಳಗ್ಗೆ ಎಂಟು, ಎಂಟೂವರೆಯೊಳಗೆ ತಲುಪಬೇಕು. ರೈತರು ತಂದ ಗೂಡು ಲಾಟುಗಳಾಗಿ ಸುರಿದಿರುತ್ತದೆ. ಹಳದಿ ಬಣ್ಣದ್ದು ಮಿಶ್ರತಳಿ, ಅಚ್ಚ ಬಿಳಿಯದು ದ್ವಿತಳಿ. ಬಿಳಿ ಗೂಡಿನ ನೂಲು ಉದ್ದ, ಬೆಲೆಯೂ ಹೆಚ್ಚು. ಗೂಡು ಕೊಂಡು ನೂಲು ಬಿಚ್ಚುವ ರೀಲರುಗಳು ಒಂದು ಹಿಡಿ ಗೂಡೆತ್ತಿ ಕಿವಿಯ ಬಳಿ ಅಲುಗಾಡಿಸುತ್ತಾರೆ. ಒಳಗಿನ ಕೋಶ ಗಟ್ಟಿಯಾಗಿ ಸದ್ದು ಮಾಡಿದರೆ ಹುಳು ಚೆನ್ನಾಗಿ ಬಲಿತಿದೆ ಎಂದರ್ಥ. ಮೆತ್ತಗಿದ್ದರೆ, ಮೇಲೆ ಕಪ್ಪು ಕಲೆಯಿದ್ದರೆ, ಒಳಗೆ ಸತ್ತ ಹುಳು ಕರಗಿದೆ, ನೂಲು ತುಂಡಾಗುತ್ತದೆ. ಹರಾಜು ಈಗ ಎಲೆಕ್ಟ್ರಾನಿಕ್ ವ್ಯವಸ್ಥೆಯಲ್ಲಿ ನಡೆಯುತ್ತದೆ, ಹಾಗಾಗಿ ಕೂಗಾಟ ನಿರೀಕ್ಷಿಸಬೇಡಿ. ಗೂಡು ಕಾಯುವ ವಸ್ತುವಲ್ಲ, ದಿನ ಕಳೆದರೆ ಚಿಟ್ಟೆ ತೂತು ಕೊರೆದು ಹೊರಬರುತ್ತದೆ, ಆ ಗೂಡಿನಿಂದ ನೂಲು ತೆಗೆಯಲಾಗದು. ಆದ್ದರಿಂದಲೇ ಅಲ್ಲಿನ ಆ ಅವಸರ. ಲಾಟಿನ ನಡುವೆ ನಿಂತು ಫೋಟೊಗೆ ಪೋಸು ಕೊಡದೆ, ಪಕ್ಕಕ್ಕೆ ನಿಂತು ನೋಡಿದರೆ ಯಾರೂ ಬೇಡ ಎನ್ನುವುದಿಲ್ಲ. ಊರಿನ ಓಣಿಗಳಲ್ಲಿ ನೂಲು ಬಿಚ್ಚಾಣಿಕೆ ಘಟಕಗಳಿವೆ, ಬೆಂದ ಕೋಶದ ವಾಸನೆ ಗಾಢ, ಮೊದಲ ಸಲ ಹೋಗುವವರು ಹೊಟ್ಟೆ ತುಂಬ ತಿಂಡಿ ತಿಂದು ಹೋಗದಿರುವುದು ಲೇಸು. ಸುಮಾರು ಆರರಿಂದ ಎಂಟು ಕೆ.ಜಿ. ಗೂಡಿಗೆ ಒಂದು ಕೆ.ಜಿ. ನೂಲು ಬರುತ್ತದೆ ಎಂಬ ಲೆಕ್ಕ ತಲೆಯಲ್ಲಿಟ್ಟುಕೊಂಡು ನೋಡಿದರೆ ರೇಷ್ಮೆ ಸೀರೆಯ ಬೆಲೆ ಅರ್ಥವಾಗುತ್ತದೆ.

ಅಲ್ಲಿಂದ ಚಿಕ್ಕಬಳ್ಳಾಪುರ ದಾಟಿ ಮುದ್ದೇನಹಳ್ಳಿ. ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರು, ಅವರ ಮನೆ ಈಗ ಸ್ಮಾರಕ, ಸಮಾಧಿಯೂ ಅಲ್ಲೇ. ಅರ್ಧ ಗಂಟೆ ಸಾಕು.

ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯಕ್ಕೆ ಮಾತ್ರ ಅರ್ಧ ಗಂಟೆ ಸಾಲದು, ಕನಿಷ್ಠ ಒಂದೂವರೆ ಗಂಟೆ ಬಿಡಿ. ಮೂಲ ದೇಗುಲ 9ನೇ ಶತಮಾನದ್ದು. ಆಮೇಲೆ ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬರ ಮೇಲೊಬ್ಬರು ಸೇರಿಸುತ್ತ ಹೋದರು. ಅರುಣಾಚಲೇಶ್ವರ, ಭೋಗನಂದೀಶ್ವರ ಎಂದು ಎರಡು ದೊಡ್ಡ ಗುಡಿಗಳು ಒಂದರ ಪಕ್ಕ ಒಂದು, ನಡುವೆ ಚಿಕ್ಕದಾದ ಉಮಾಮಹೇಶ್ವರ ಗುಡಿ. ಅದರ ಮುಂದಿನ ಕರಿಕಲ್ಲಿನ ಕಲ್ಯಾಣ ಮಂಟಪವನ್ನು ನೋಡಲೆಂದೇ ಹೋಗಬೇಕು. ಅರುಣಾಚಲೇಶ್ವರ ಶಿವನ ಎಳವೆ, ಭೋಗನಂದೀಶ್ವರ ಯೌವನ, ಬೆಟ್ಟದ ಮೇಲಿನ ಯೋಗನಂದೀಶ್ವರ ವಿರಕ್ತಿ ಎಂದು ಇಲ್ಲಿ ಹೇಳುವ ವಾಡಿಕೆ. ಹೆಚ್ಚಿನವರು ಗರ್ಭಗುಡಿ ನೋಡಿ ತಿರುಗಿಬಿಡುತ್ತಾರೆ, ಉತ್ತರದ ಪ್ರಾಕಾರದ ಆಚೆಗಿನ ಶೃಂಗಿ ತೀರ್ಥವನ್ನು ನೋಡುವುದೇ ಇಲ್ಲ. ನಾಲ್ಕೂ ಕಡೆ ಮೆಟ್ಟಿಲು, ಸುತ್ತ ಕಂಬಗಳ ಸಾಲು, ನಡು ಹಗಲಲ್ಲೂ ನೆರಳು ಸಿಗುವ ಕಲ್ಯಾಣಿ. ಕಲ್ಲು ಹಾಸಿನ ಮೇಲೆ ಬರಿಗಾಲಲ್ಲಿ ನಡೆಯಬೇಕಾದ್ದರಿಂದ ಮಾರ್ಚ್‌ನಲ್ಲಿ ಹನ್ನೊಂದರ ಮೇಲೆ ಕಾಲು ಸುಡುತ್ತದೆ, ಒಂದು ಜೊತೆ ಕಾಲುಚೀಲ ಇರಲಿ. ಮಹಾಶಿವರಾತ್ರಿಯ ಜಾತ್ರೆ ದ್ರಾಕ್ಷಿಯ ಕಾಲದಲ್ಲೇ ಬರುತ್ತದೆ. ತೇರು ನೋಡುವ ಆಸೆಯಿದ್ದರೆ ಆಗಲೇ ಹೋಗಿ, ಶಿಲ್ಪ ನೋಡುವ ಆಸೆಯಿದ್ದರೆ ಆ ವಾರ ಬಿಟ್ಟು ಹೋಗಿ.

ಊಟವನ್ನು ವೈನರಿಗೆ ಹೋಗುವ ಮೊದಲೇ ಮುಗಿಸಿ. ಖಾಲಿ ಹೊಟ್ಟೆಯಲ್ಲಿ ವೈನ್ ಬೇಗ ತಲೆಗೇರುತ್ತದೆ. ಈ ಕಡೆಯ ಊಟ ಎಂದರೆ ಮುದ್ದೆ, ಬಸ್ಸಾರು, ಉಪ್ಸಾರು. ಚಳಿಗಾಲವಾದರೆ ಹಿತಕಿದ ಅವರೆಬೇಳೆ. ಆದರೆ ಒಂದು ಎಚ್ಚರ: ಊಟ ಬಹಳ ಖಾರವಾಗಿದ್ದರೆ ಮುಂದಿನ ಒಂದು ಗಂಟೆ ನಾಲಿಗೆಗೆ ವೈನಿನ ರುಚಿ ಸಿಗುವುದಿಲ್ಲ, ಖಾರದ ಉರಿಯನ್ನು ಆಲ್ಕೋಹಾಲ್ ಇನ್ನಷ್ಟು ಎಬ್ಬಿಸುತ್ತದೆ. ಎಲೆ–ಅಡಿಕೆಯೂ ಆ ಹೊತ್ತಿಗೆ ಬೇಡ. ಅಡಿಕೆಯ ಒಗರೂ ಕೆಂಪು ವೈನಿನ ಒಗರೂ ಒಂದೇ ಜಾತಿಯವು, ಒಂದು ಬಾಯಿಯಲ್ಲಿ ಕೂತರೆ ಇನ್ನೊಂದು ತಿಳಿಯುವುದಿಲ್ಲ.

ದೊಡ್ಡಬಳ್ಳಾಪುರ–ದೇವನಹಳ್ಳಿ ರಸ್ತೆಯ ರಘುನಾಥಪುರದಲ್ಲಿರುವುದು ಗ್ರೋವರ್ ವೈನರಿ. ಕನ್ವಲ್ ಗ್ರೋವರ್ ಅವರು ಫ್ರಾನ್ಸಿನ ಶಾಂಪೇನ್ ಪ್ರಾಂತದ ಜಾರ್ಜ್ ವೆಸೆಲ್ ಅವರ ನೆರವಿನಿಂದ 1988ರಲ್ಲಿ ಕಟ್ಟಿದ ಸಂಸ್ಥೆ ಇದು. 2012ರಲ್ಲಿ ನಾಸಿಕ್ ಕಡೆಯ ಕಂಪನಿಯೊಂದಿಗೆ ಸೇರಿ ಗ್ರೋವರ್ ಜಂಪಾ ಆಯಿತು. ಕರ್ನಾಟಕ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದದ್ದು 2007ರಲ್ಲಿ. ಅಂದರೆ ನೀತಿ ಬರುವುದಕ್ಕೆ ಸುಮಾರು ಇಪ್ಪತ್ತು ವರ್ಷ ಮೊದಲೇ ಈ ಕೆಂಪು ಮಣ್ಣಿನಲ್ಲಿ ಕ್ಯಾಬರ್ನೆ ಎಂಬ ಕೆಂಪು ವೈನ್ ದ್ರಾಕ್ಷಿಯ ಬಳ್ಳಿ ಬೇರು ಬಿಟ್ಟಾಗಿತ್ತು. ವೀಕ್ಷಣೆಗೆ ನಿಗದಿತ ವೇಳೆಗಳಿವೆ, ಶುಲ್ಕವಿದೆ, ಮುಂಚೆಯೇ ಕಾಯ್ದಿರಿಸಬೇಕು. ಕರೆ ಮಾಡುವಾಗ ಮೂರು ಸಂಗತಿ ಕೇಳಿ: ಆ ದಿನ ‘ಡ್ರೈ ಡೇ’ (ಮದ್ಯ ಮಾರುವಂತಿಲ್ಲದ ದಿನ) ಇದೆಯೇ, ದ್ರಾಕ್ಷಿ ಕ್ರಷಿಂಗ್ ನಡೆಯುತ್ತಿದೆಯೇ, ಎಷ್ಟು ಬಗೆ ರುಚಿಗೆ ಕೊಡುತ್ತಾರೆ. ಚುನಾವಣೆಯ ಮತದಾನ, ಎಣಿಕೆಯ ದಿನಗಳನ್ನು ಮರೆತು ಹೋಗಿ ಬಾಗಿಲು ನೋಡಿ ಬಂದವರು ಬಹಳ ಮಂದಿ. 21 ತುಂಬದವರಿಗೆ ಗ್ಲಾಸು ಕೊಡುವುದಿಲ್ಲ, ವಯಸ್ಸಿನ ಗುರುತಿನ ಚೀಟಿ ಜೇಬಿನಲ್ಲಿರಲಿ.

ಕ್ರಷಿಂಗ್ ನಡೆಯುವ ದಿನ ಸಿಕ್ಕರೆ ಅದೃಷ್ಟ. ತಂಪು ಹೊತ್ತಿನಲ್ಲಿ ಕೊಯ್ದ ದ್ರಾಕ್ಷಿ ಕ್ರೇಟುಗಳಲ್ಲಿ ಬರುತ್ತದೆ. ರಸದ ಸಿಹಿಯನ್ನು ಬ್ರಿಕ್ಸ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ತಿನ್ನುವ ದ್ರಾಕ್ಷಿಗೆ 16–18 ಬ್ರಿಕ್ಸ್ ಸಾಕು, ವೈನಿಗೆ 22–24 ಬೇಕು. ಬ್ರಿಕ್ಸ್ ಸಂಖ್ಯೆಯನ್ನು 0.55ರಿಂದ ಗುಣಿಸಿದರೆ ಎಷ್ಟು ಪರ್ಸೆಂಟ್ ಆಲ್ಕೋಹಾಲ್ ಬರಬಹುದೆಂಬ ಅಂದಾಜು ಸಿಗುತ್ತದೆ, 24 ಇದ್ದರೆ 13ರ ಹತ್ತಿರ. ಯಂತ್ರ ತೊಟ್ಟು ಬೇರ್ಪಡಿಸಿ ಹಣ್ಣು ಒಡೆಯುತ್ತದೆ. ಬಿಳಿ ವೈನಿಗಾದರೆ ತಕ್ಷಣ ಹಿಂಡಿ ರಸ ಮಾತ್ರ ತೆಗೆದು ತಣ್ಣನೆಯ ಉಕ್ಕಿನ ಟ್ಯಾಂಕಿಗೆ ಹಾಕುತ್ತಾರೆ, 12ರಿಂದ 16 ಡಿಗ್ರಿಯಲ್ಲಿ ನಿಧಾನಕ್ಕೆ ಹುದುಗುತ್ತದೆ. ಬಿಸಿಯಾದರೆ ಹೂವಿನಂಥ ವಾಸನೆ ಹಾರಿಹೋಗುತ್ತದೆ. ಕೆಂಪು ವೈನಿಗೆ ಸಿಪ್ಪೆ, ಬೀಜ ಸಮೇತ 25–28 ಡಿಗ್ರಿಯಲ್ಲಿ ಹುದುಗಬೇಕು. ಹುದುಗುವಾಗ ಏಳುವ ಅನಿಲ ಸಿಪ್ಪೆಯನ್ನೆಲ್ಲ ಮೇಲಕ್ಕೆ ತಳ್ಳಿ ಗಟ್ಟಿ ಟೊಪ್ಪಿಯ ಹಾಗೆ ಕಟ್ಟುತ್ತದೆ. ದಿನಕ್ಕೆ ಎರಡು ಮೂರು ಸಲ ಅದನ್ನು ಅದುಮಿ ಮುಳುಗಿಸಬೇಕು, ಅಥವಾ ಕೆಳಗಿನ ರಸವನ್ನು ಪಂಪಿನಿಂದ ಅದರ ಮೇಲೆ ಸುರಿಯಬೇಕು. ಬಿಟ್ಟರೆ ಮೇಲ್ಪದರ ಒಣಗಿ, ಗಾಳಿ ತಾಗಿ, ವಿನಿಗರ್ ಆಗುತ್ತದೆ. ಓಕ್ ಪೀಪಾಯಿಗಳ ಕೋಣೆಯಲ್ಲಿ ಒಂದು ನಿಮಿಷ ಸುಮ್ಮನೆ ನಿಂತು ಉಸಿರೆಳೆದುಕೊಳ್ಳಿ. ಒಂದೊಂದೂ 225 ಲೀಟರಿನದು. ಅಲ್ಲಿನ ವಾಸನೆ ಮೂಗಿನಲ್ಲಿ ಉಳಿದರೆ, ಆಮೇಲೆ ಗ್ಲಾಸಿನಲ್ಲಿ ಓಕ್ ಎಲ್ಲಿದೆ ಎಂದು ಹುಡುಕಬೇಕಾಗುವುದಿಲ್ಲ.

ರುಚಿ ನೋಡುವ ಕ್ರಮ ಬಿಳಿಯಿಂದ ಕೆಂಪಿಗೆ, ಸಿಹಿಯದು ಕೊನೆಗೆ. ಗ್ಲಾಸಿನ ಕಾಂಡ ಹಿಡಿಯಿರಿ, ಹೊಟ್ಟೆ ಹಿಡಿದರೆ ಅಂಗೈ ಬಿಸಿಗೆ ಬಿಳಿ ವೈನ್ ಬೇಗ ಬೆಚ್ಚಗಾಗುತ್ತದೆ. ಮೊದಲು ಅಲ್ಲಾಡಿಸದೆ ಮೂಸಿ, ಆಮೇಲೆ ತಿರುಗಿಸಿ ಮೂಸಿ. ಪುಸ್ತಕದ ಪದಗಳನ್ನು ಹುಡುಕುವುದು ಬೇಡ, ನಮ್ಮ ಮನೆಯ ವಾಸನೆಗಳೇ ಸಾಕು. ಬಿಳಿ ವೈನ್ ಸೊವಿನ್ಯೋ ಬ್ಲಾಂನಲ್ಲಿ ಸೀಬೆಕಾಯಿ, ದೊಣ್ಣೆಮೆಣಸು. ಕೆಂಪು ವೈನ್ ಶಿರಾಜ್‌ನಲ್ಲಿ ಕರಿಮೆಣಸು, ನೇರಳೆ. ಕ್ಯಾಬರ್ನೆಯಲ್ಲಿ ವಸಡಿಗೆ ಹಿಡಿಯುವ ಒಗರು. ಬಾಯಲ್ಲಿ ಆಡಿಸಿ ಪಾತ್ರೆಗೆ ಉಗಿಯುವುದು ಅಸಭ್ಯತೆ ಅಲ್ಲ, ಕಸುಬಿನವರು ಮಾಡುವುದೇ ಹಾಗೆ. ಒದ್ದೆ ರಟ್ಟಿನ ವಾಸನೆ ಬಂದರೆ ಬಿರಡೆ ಕೆಟ್ಟಿದೆ, ವಿನಿಗರ್ ಅಥವಾ ಉಗುರು ಬಣ್ಣದ ವಾಸನೆ ಬಂದರೆ ವೈನೇ ಕೆಟ್ಟಿದೆ. ಸಂಕೋಚಪಡದೆ ಹೇಳಿ, ಬೇರೆ ಬಾಟಲಿ ತೆರೆಯುತ್ತಾರೆ. ನಮ್ಮ ಊರುಗಳಲ್ಲಿ ‘ವೈನ್ಸ್’ ಎಂಬ ಬೋರ್ಡು ಹಾಕಿದ ಅಂಗಡಿಯಲ್ಲಿ ವಿಸ್ಕಿ, ರಮ್ಮು ತುಂಬಿ, ವೈನ್ ಮೂಲೆಯಲ್ಲಿ ವರ್ಷಗಟ್ಟಲೆ ಬೆಳಕಿಗೆ ಒಡ್ಡಿಕೊಂಡು ನಿಂತಿರುತ್ತದೆ. ತಂಪಾಗಿ ಇಟ್ಟ ಬಾಟಲಿ ಬೇಕಿದ್ದರೆ ಮಾಡಿದ ಜಾಗದಲ್ಲೇ ಕೊಳ್ಳುವುದು ವಾಸಿ.

ಇಲ್ಲಿ ಎಲ್ಲರೂ ಎಡವುವುದು ವಾಹನದ ವಿಷಯದಲ್ಲಿ. 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಆಲ್ಕೋಹಾಲ್ ದಾಟಿದರೆ ಅಪರಾಧ, ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಜೈಲೂ ಆಗಬಹುದು. ನಾಲ್ಕೈದು ಬಗೆ ರುಚಿ ನೋಡಿದರೆ ಆ ಗೆರೆಯ ಹತ್ತಿರ ಬಂದಿರುತ್ತೀರಿ. ಆ್ಯಪ್ ಟ್ಯಾಕ್ಸಿ ಬೆಂಗಳೂರಿನಿಂದ ಬಿಟ್ಟು ಹೋಗುತ್ತದೆ, ವಾಪಸಿಗೆ ಅಲ್ಲಿ ಸಿಗುವುದು ಕಷ್ಟ. ಇಡೀ ದಿನಕ್ಕೆ ಗಾಡಿ ಗೊತ್ತು ಮಾಡಿಕೊಳ್ಳಿ, ಇಲ್ಲವೇ ಗುಂಪಿನಲ್ಲಿ ಒಬ್ಬರು ಕುಡಿಯದೆ ಇರಲಿ. ಬಸ್ಸಿನವರು ದೊಡ್ಡಬಳ್ಳಾಪುರಕ್ಕೆ ಬಂದು ಅಲ್ಲಿಂದ ಆಟೊ ಹಿಡಿಯಬಹುದು. ಹೋಗಿಬರುವುದಕ್ಕೆ, ಕಾಯುವುದಕ್ಕೆ ಸೇರಿಸಿ ಮೊದಲೇ ಮಾತಾಡಿಕೊಳ್ಳಬೇಕು.

ಹೊತ್ತು ಉಳಿದರೆ ದೊಡ್ಡಬಳ್ಳಾಪುರದ ಮಗ್ಗದ ಬೀದಿಗಳಲ್ಲಿ ಒಂದು ಸುತ್ತು ಹಾಕಿ. ಇದು ವಿದ್ಯುತ್ ಮಗ್ಗಗಳ ಊರು, ಸೀರೆ ಕೊಳ್ಳುವಾಗ ಅಪ್ಪಟ ರೇಷ್ಮೆಯೋ ಮಿಶ್ರವೋ ಎಂದು ನೇರವಾಗಿ ಕೇಳಿ. ಸೆರಗಿನ ಅಂಚಿನ ಎರಡು ಎಳೆ ಕೇಳಿ ಪಡೆದು ಸುಟ್ಟು ನೋಡಿದರೆ ತಿಳಿಯುತ್ತದೆ: ರೇಷ್ಮೆ ಕೂದಲು ಸುಟ್ಟ ವಾಸನೆ ಬಂದು ಪುಡಿ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಘಾಟಿ ಸುಬ್ರಹ್ಮಣ್ಯಕ್ಕೆ ಅಲ್ಲಿಂದ ಅರ್ಧ ಗಂಟೆಯ ದಾರಿ. ಒಂದೇ ಶಿಲೆಯಲ್ಲಿ ಮುಂದೆ ಸುಬ್ರಹ್ಮಣ್ಯ, ಹಿಂದೆ ನರಸಿಂಹ, ನರಸಿಂಹನನ್ನು ಕನ್ನಡಿಯಲ್ಲಿ ನೋಡಬೇಕು. ಡಿಸೆಂಬರ್–ಜನವರಿಯ ಹೊತ್ತಿಗೆ ಅಲ್ಲಿ ನಡೆಯುವ ದನಗಳ ಜಾತ್ರೆಗೆ ಹೋಗುವವರು ಅದಕ್ಕೇ ಒಂದು ದಿನ ಇಡಬೇಕು. ದೇವನಹಳ್ಳಿಯ ಕೋಟೆ ವಿಮಾನ ನಿಲ್ದಾಣದ ಪಕ್ಕದಲ್ಲೇ ಇರುವುದರಿಂದ ಬೇರೆ ಯಾವಾಗಲಾದರೂ ನೋಡಬಹುದು, ಆದರೆ ದೇವನಹಳ್ಳಿ ಚಕ್ಕೋತ ಕಂಡರೆ ಬಿಡಬೇಡಿ. ಭೌಗೋಳಿಕ ಸೂಚಿ (ಆ ಸೀಮೆಯದೇ ವಿಶೇಷ ಎಂಬ ಜಿಐ ಮಾನ್ಯತೆ) ಪಡೆದ ಹಣ್ಣು, ನಿವೇಶನಗಳ ನಡುವೆ ಮರಗಳೇ ಕಡಿಮೆಯಾಗುತ್ತಿವೆ.

ಮನೆಗೆ ಒಯ್ಯಬೇಕಾದದ್ದು ಬೆಂಗಳೂರು ಬ್ಲೂ. ಇದಕ್ಕೂ 2013ರಲ್ಲಿ ಭೌಗೋಳಿಕ ಸೂಚಿ ಸಿಕ್ಕಿದೆ. ಹುಳಿ ಹೆಚ್ಚು, ಬೀಜ ಇದೆ, ಸಿಪ್ಪೆ ಹಿಚುಕಿದರೆ ತಿರುಳು ಜಾರಿ ಹೊರಬರುತ್ತದೆ, ಕಸ್ತೂರಿಯಂಥ ಗಾಢ ವಾಸನೆ. ಆ ವಾಸನೆಯಿಂದಲೇ ಇದು ಸಿಹಿಯಿಲ್ಲದ ‘ಡ್ರೈ’ ವೈನಿಗೆ ಒಗ್ಗುವುದಿಲ್ಲ, ಸಿಹಿಯಾದ ಪೋರ್ಟ್ ಮಾದರಿಯ ವೈನಿಗೂ ಜ್ಯೂಸಿಗೂ ಹೋಗುತ್ತದೆ. ಸೀಡ್‌ಲೆಸ್ ಬಂದಮೇಲೆ ಪೇಟೆಯವರು ಇದನ್ನು ಮರೆತದ್ದು ದೊಡ್ಡ ನಷ್ಟ. ಕೊಳ್ಳುವಾಗ ತೊಟ್ಟು ಹಸಿರಾಗಿದೆಯೇ ನೋಡಿ, ಕಂದಾಗಿದ್ದರೆ ಕೊಯ್ದು ದಿನವಾಗಿದೆ. ಕಾಯಿಯ ಮೇಲೆ ಸಮನಾಗಿ ಹರಡಿದ ತೆಳು ಬೂದಿ ಅದರದೇ ಮೇಣ, ಅದು ಇರಬೇಕು. ಚುಕ್ಕೆ ಚುಕ್ಕೆಯಾಗಿ ಅಂಟಿದ ಬಿಳಿ–ನೀಲಿ ಔಷಧಿಯದು, ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ.

ರಸ ಮಾಡುವುದು ಹೀಗೆ. 2 ಕೆ.ಜಿ. ಹಣ್ಣನ್ನು ತೊಟ್ಟು ಬಿಡಿಸಿ ತೊಳೆದು, ಒಂದು ಲೋಟ ನೀರು ಹಾಕಿ ಸಣ್ಣ ಉರಿಯಲ್ಲಿಡಿ. ಸಿಪ್ಪೆ ಬಿರಿದು ರಸ ಕಡು ನೇರಳೆಯಾಗುವವರೆಗೆ, ಸುಮಾರು 15 ನಿಮಿಷ. ಕುದಿಯಬಾರದು, ಕುದಿದರೆ ಜಾಮಿನ ವಾಸನೆ ಬರುತ್ತದೆ. ಮಿಕ್ಸಿಗೆ ಹಾಕಬೇಡಿ, ಬೀಜ ಒಡೆದು ಒಗರಾಗುತ್ತದೆ. ಪಂಚೆ ಬಟ್ಟೆಯಲ್ಲಿ ಸೋಸಿ, ತಾನಾಗಿ ಇಳಿಯಲು ಬಿಡಿ. ಒಂದು ಲೀಟರಿಗಿಂತ ತುಸು ಹೆಚ್ಚು ಸಿಗುತ್ತದೆ. ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ತಳದಲ್ಲಿ ಗಾಜಿನ ಚೂರಿನಂಥ ಹರಳು ಕೂರುತ್ತದೆ. ಅದು ದ್ರಾಕ್ಷಿಯ ಹುಳಿಯ ಲವಣ, ಅಪಾಯವಿಲ್ಲ, ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿಕೊಳ್ಳಿ. ಮೂರು ನಾಲ್ಕು ದಿನದಲ್ಲಿ ಕುಡಿದು ಮುಗಿಸಬೇಕು. ಒಳ್ಳೆಯ ವೈನ್ ಬಾಟಲಿಯ ತಳದಲ್ಲೂ ಇದೇ ಹರಳು ಕೆಲವೊಮ್ಮೆ ಕಾಣುತ್ತದೆ, ಕೆಟ್ಟಿದೆಯೆಂದು ಚೆಲ್ಲಬೇಡಿ.

ಕೊಂಡ ಬಾಟಲಿಯ ಬಿಲ್ಲು ಜೊತೆಗಿರಲಿ. ಬಾಗೇಪಲ್ಲಿ ದಾಟಿ ಆಂಧ್ರಕ್ಕೆ ಹೋಗುವವರು ಅಲ್ಲಿನ ಅಬಕಾರಿ ನಿಯಮ ನೋಡಿಕೊಂಡೇ ಒಯ್ಯಬೇಕು. ಮಾರ್ಚ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಬಾಟಲಿ ಬಿಟ್ಟು ಹೋದರೆ ಒಳಗಿನ ವೈನ್ ಹಿಗ್ಗಿ ಬಿರಡೆಯನ್ನು ಮೇಲಕ್ಕೆ ತಳ್ಳುತ್ತದೆ, ಅಂಚಿನಿಂದ ಒಸರುತ್ತದೆ, ಒಳಗೆ ಗಾಳಿ ಸೇರುತ್ತದೆ. ಅದಕ್ಕೆ ಹೊರಡುವಾಗಲೇ ಒಂದು ಥರ್ಮೋಕೋಲ್ ಪೆಟ್ಟಿಗೆ ಇಟ್ಟುಕೊಳ್ಳಿ, ದ್ರಾಕ್ಷಿಯೂ ಅದರಲ್ಲೇ ಕೂರುತ್ತದೆ. ಬಾಟಲಿ ಕೆಳಗೆ, ಹಣ್ಣು ಮೇಲೆ.